ಕೋಚ್ ಸರ್‌ಗೆ ಕೇಳಿ: ಹುಲ್ಲೇ ಇಲ್ಲ, ಮತ್ತೆ 'ಲಾನ್' ಟೆನಿಸ್ ಯಾಕೆ?

ಪ್ರಶ್ನೆ (ಮೈಸೂರಿನ ಒಬ್ಬ ತಾಯಿ):

ನಮಸ್ಕಾರ ಸರ್. ಮಗಳಿಗೆ 11 ವರ್ಷ. ಎರಡು ವರ್ಷದಿಂದ ಟೆನಿಸ್ ಕಲಿಯುತ್ತಿದ್ದಾಳೆ. ಈಗ ಅವಳ ಕೋಚ್ "ಐಟಾ ನಂಬರ್ ಮಾಡಿಸಿ, ಟೂರ್ನಮೆಂಟ್ ಆಡಲಿ" ಅಂತಿದ್ದಾರೆ. ಐಟಾ ಅಂದರೆ ಸರ್ಕಾರಿ ಇಲಾಖೆನಾ? ಇನ್ನೊಂದು ವಿಷಯ. ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂ ತೋರಿಸಿದ್ದೆ. ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ ಅಂತ ಹೆಸರು ನೋಡಿ, "ಅಮ್ಮಾ, ಲಾನ್ ಎಲ್ಲಿದೆ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ (ಕೋಚ್):

ಮೇಡಂ, ಮಗಳ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ.

ಇಂಗ್ಲೆಂಡಿನಲ್ಲಿ ಹಳೆಯ ಟೆನಿಸ್ ಆಡುತ್ತಿದ್ದದ್ದು ನಾಲ್ಕು ಗೋಡೆಗಳ ಒಳಗೆ. ಆಮೇಲೆ ಹುಲ್ಲಿನ ಮೇಲೂ ಪುಟಿಯುವ ರಬ್ಬರ್ ಚೆಂಡು ಬಂತು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಅನ್ನುವವರು ಹೊರಗೆ ಆಡುವ ಹೊಸ ಆಟಕ್ಕೆ ಪೇಟೆಂಟ್ ತೆಗೆದುಕೊಂಡರು. ಹುಲ್ಲಿನ ಮೇಲೆ ಆಡುವ ಆಟ, ಹಾಗಾಗಿ ಲಾನ್ ಟೆನಿಸ್. ಆ ಕಾಲದಲ್ಲಿ ಹುಟ್ಟಿದ ಸಂಘಗಳೆಲ್ಲ ಅದೇ ಹೆಸರು ಇಟ್ಟುಕೊಂಡವು. ಅಮೆರಿಕದ್ದು 1881ರಲ್ಲಿ, ಬ್ರಿಟನ್ನಿನದು 1888ರಲ್ಲಿ, ವಿಶ್ವ ಟೆನಿಸ್ ಸಂಸ್ಥೆ 1913ರಲ್ಲಿ ಪ್ಯಾರಿಸ್‌ನಲ್ಲಿ. ಆಮೇಲೆ ಆಟ ಮಣ್ಣಿಗೆ, ಸಿಮೆಂಟಿಗೆ ಬಂತು. ಅಮೆರಿಕದವರು 1975ರಲ್ಲಿ, ವಿಶ್ವ ಟೆನಿಸ್ ಸಂಸ್ಥೆಯವರು 1977ರಲ್ಲಿ 'ಲಾನ್' ಬಿಟ್ಟರು. ನಮ್ಮ ರಾಷ್ಟ್ರೀಯ ಸಂಘವೂ ಬಿಟ್ಟಿತು. ಕರ್ನಾಟಕ, ಮಹಾರಾಷ್ಟ್ರ, ದೆಹಲಿಯ ಸಂಸ್ಥೆಗಳು ಹಳೆಯ ಹೆಸರು ಉಳಿಸಿಕೊಂಡಿವೆ. ಹುಲ್ಲು ಹೋಯಿತು, ಹೆಸರು ಉಳಿಯಿತು ಅಂತ ಹೇಳಿ ಅವಳಿಗೆ.

ಐಟಾ ಸರ್ಕಾರಿ ಇಲಾಖೆ ಅಲ್ಲ. ರಾಜ್ಯ ಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟ, ಅಖಿಲ ಭಾರತ ಟೆನಿಸ್ ಸಂಘ. ಐಟಾ ನಂಬರ್ ಅಂದರೆ ಅಲ್ಲಿ ಆಟಗಾರರಿಗೆ ಕೊಡುವ ನೋಂದಣಿ ಸಂಖ್ಯೆ. ಹುಟ್ಟಿದ್ದು 1920ರಲ್ಲಿ, ಲಾಹೋರಿನಲ್ಲಿ. ಇವತ್ತು ಆ ಊರು ನಮ್ಮ ನಕ್ಷೆಯಲ್ಲೇ ಇಲ್ಲ, ಅಲ್ವಾ? ಸಂಘ ಯಾಕೆ ಬೇಕಿತ್ತು ಅಂದರೆ, ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ಗೆ ಆಟಗಾರ ತಾನೇ ಹೋಗಿ ಹೆಸರು ಕೊಡಲು ಆಗುವುದಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ದೇಶದ ಸಂಘವೇ ಕಳಿಸಬೇಕು. ಸಂಘ ಹುಟ್ಟಿದ ಮರುವರ್ಷವೇ, 1921ರಲ್ಲಿ, ಭಾರತ ಮೊದಲ ಸಲ ಆಡಿತು. ತಂಡದಲ್ಲಿ ಲಾಹೋರಿನ ವಕೀಲ ಮೊಹಮ್ಮದ್ ಸ್ಲೀಮ್ ಇದ್ದರು, ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಅಧಿಕಾರಿ ಸಿಡ್ನಿ ಜೇಕಬ್ ಇದ್ದರು. ಪ್ಯಾರಿಸ್‌ಗೆ ಹೋಗಿ ಫ್ರಾನ್ಸನ್ನು 4-1ರಿಂದ ಸೋಲಿಸಿದರು!

ಪ್ರಶ್ನೆ (ಧಾರವಾಡದ ಒಬ್ಬ ವಿದ್ಯಾರ್ಥಿ):

ಸರ್, ಡೇವಿಸ್ ಕಪ್ ಅಂದ ತಕ್ಷಣ ನೆನಪಾಯಿತು. ಭಾರತ ಒಮ್ಮೆ ಫೈನಲ್ ಆಡದೇ ಬಿಟ್ಟುಕೊಟ್ಟಿತು ಅಂತ ನಮ್ಮ ಅಜ್ಜ ಹೇಳುತ್ತಾರೆ. ನಿಜಾನಾ?

ಉತ್ತರ (ಕೋಚ್):

ನಿಜ ಕಣಪ್ಪ. 1974. ನಾನಾಗ ಆರನೇ ಕ್ಲಾಸು.

ಆ ವರ್ಷ ಕಲ್ಕತ್ತಾದ ಸೌತ್ ಕ್ಲಬ್‌ನಲ್ಲಿ ಆಸ್ಟ್ರೇಲಿಯಾ ಎದುರು ನಮ್ಮ ಪಂದ್ಯ. ಅಲ್ಲಿ ನಿಜವಾದ ಹುಲ್ಲಿನ ಕೋರ್ಟು. ಡೇವಿಸ್ ಕಪ್‌ನಲ್ಲಿ ಆಗ ಸಮಬಲವಾದ ಸೆಟ್ಟನ್ನು ಬೇಗ ಮುಗಿಸುವ ಟೈ ಬ್ರೇಕರ್ ಇರಲಿಲ್ಲ. ಎರಡು ಗೇಮ್ ಅಂತರ ಸಿಗುವವರೆಗೂ ಸೆಟ್ ಮುಗಿಯುತ್ತಿರಲಿಲ್ಲ. ವಿಜಯ್, ಆನಂದ್ ಅಮೃತರಾಜ್ ಸಹೋದರರ ಡಬಲ್ಸ್ ಸ್ಕೋರ್ ನೋಡು: 17-15, 6-8, 6-3, 16-18, 6-4. ಒಂದೇ ಮ್ಯಾಚಿನಲ್ಲಿ 99 ಗೇಮ್! ಜಸ್ಜಿತ್ ಸಿಂಗ್ ಆಡಿದ ಸಿಂಗಲ್ಸ್‌ನಲ್ಲೂ ಸೆಟ್ಟುಗಳು 11-9, 12-10 ಅಂತ ಎಳೆದವು. ಐದು ಮ್ಯಾಚ್ ಸೇರಿ 327 ಗೇಮ್, ಅದು ದಾಖಲೆ. ನಾವು 3-2ರಿಂದ ಗೆದ್ದೆವು. ಆಮೇಲೆ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಫೈನಲ್ ತಲುಪಿದೆವು.

ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಆಗ ಚರ್ಮದ ಬಣ್ಣ ನೋಡಿ ಜನರನ್ನು ಬೇರೆ ಮಾಡುವ ವರ್ಣಭೇದದ ಕಾನೂನು. 1946ರಿಂದಲೇ ನಮ್ಮ ದೇಶ ಅವರ ಜೊತೆ ವ್ಯಾಪಾರ ನಿಲ್ಲಿಸಿತ್ತು. ಸರ್ಕಾರದ ನಿಲುವಿನಂತೆ ಸಂಘ ಆಡುವುದಿಲ್ಲ ಅಂದಿತು. ಕಪ್ ಅವರ ಪಾಲಾಯಿತು.

ನಮ್ಮ ತಂದೆ ಮರುದಿನ ಪೇಪರ್ ಮಡಚಿಟ್ಟು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ ಮಾಡಿದರು" ಅಂದರು. ನನಗೆ ಆವತ್ತು ಅಳು ಬಂದಿತ್ತು. ಈಗ ನಾನೂ ಅದೇ ಹೇಳುತ್ತೇನೆ. ಸಂಘದ ನೂರು ವರ್ಷದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ಆದರೆ ಅದರ ಬೆಲೆ ಕೊಟ್ಟವರು ಆಟಗಾರರು, ಅದನ್ನೂ ಮರೆಯಬಾರದು. ಅಮೃತರಾಜ್ ಸಹೋದರರು ಮತ್ತೊಂದು ಫೈನಲ್‌ಗೆ 13 ವರ್ಷ ಕಾದರು. 1987ರಲ್ಲಿ ಸ್ವೀಡನ್ ನಮ್ಮನ್ನು ಅವರ ನೆಲದಲ್ಲೇ 5-0ಯಿಂದ ಸೋಲಿಸಿತು. 1966ರಲ್ಲೂ ಮೆಲ್ಬರ್ನ್‌ನಲ್ಲಿ ಫೈನಲ್ ಸೋತಿದ್ದೆವು. ಕಪ್ ಇವತ್ತಿಗೂ ನಮ್ಮ ಕೈಗೆ ಬಂದಿಲ್ಲ.

ಪ್ರಶ್ನೆ (ಮೈಸೂರಿನ ತಾಯಿ):

ಓದಿ ಮೈ ಜುಮ್ ಅಂತು ಸರ್. ಈಗ ನಮ್ಮ ವಿಷಯಕ್ಕೆ ಬರೋಣ. ನಂಬರ್ ಮಾಡಿಸಿದ ಮೇಲೆ ಏನು?

ಉತ್ತರ (ಕೋಚ್):

ಅಂಡರ್ 12, 14, 16, 18 ಅಂತ ವಿಭಾಗಗಳಿವೆ. ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಅಂತ ಟೂರ್ನಮೆಂಟಿನ ಮೆಟ್ಟಿಲುಗಳು. ಗೆದ್ದ ಹಾಗೆ ಪಾಯಿಂಟ್ ಸಿಗುತ್ತದೆ, ಪಾಯಿಂಟ್ ಮೇಲೆ ರ್‍ಯಾಂಕಿಂಗ್. ಮೊದಲು ಟ್ಯಾಲೆಂಟ್ ಸೀರೀಸ್ ಆಡಿಸಿ. ಅವಸರ ಬೇಡ. ಅಂತರರಾಷ್ಟ್ರೀಯ ಜೂನಿಯರ್ ಟೂರ್ನಮೆಂಟಿಗೆ ಹೇಗೂ 13 ತುಂಬಬೇಕು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿದ್ದು 43ನೇ ವಯಸ್ಸಿನಲ್ಲಿ. ನಿಮ್ಮ ಮಗಳಿಗೆ ಬೇಕಾದಷ್ಟು ಸಮಯ ಇದೆ.

ಪ್ರತಿ ಟೂರ್ನಮೆಂಟಿಗೂ ಫ್ಯಾಕ್ಟ್ ಶೀಟ್ ಬರುತ್ತದೆ. ಕೋರ್ಟ್ ಯಾವುದು, ಚೆಂಡು ಯಾವುದು, ಎಂಟ್ರಿಗೆ ಕೊನೆ ದಿನ ಯಾವಾಗ, ಸೈನ್ ಇನ್ (ಬಂದು ಹೆಸರು ಬರೆಯುವುದು) ಎಷ್ಟು ಗಂಟೆಗೆ, ಎಲ್ಲ ಅದರಲ್ಲೇ ಇರುತ್ತದೆ. ಎರಡು ಸಲ ಓದಿ. ಹೆಸರು ಹಿಂದಕ್ಕೆ ಪಡೆಯುವುದಿದ್ದರೂ ಕೊನೆ ದಿನದೊಳಗೆ ಪಡೆಯಿರಿ, ಸುಮ್ನೆ ಬಾರದೇ ಇರಬೇಡಿ.

ಒಂದು ಘಟನೆ ಹೇಳುತ್ತೇನೆ. ನನ್ನ ಹತ್ತಿರ ಕಲಿಯುತ್ತಿದ್ದ ಒಂದು ಮಗು ಮೊದಲ ಟೂರ್ನಮೆಂಟಿಗೆ ಬಂದಿತ್ತು. ಸೈನ್ ಇನ್ ಮೇಜಿನ ಎತ್ತರಕ್ಕೆ ಅದರ ಗಲ್ಲ ಬರುತ್ತಿತ್ತು. ಪೆನ್ನು ಹಿಡಿದು ಹೆಸರು ಬರೆಯಲು ಬಗ್ಗಿತ್ತು. ರೆಫರಿ ಜನ್ಮ ಪ್ರಮಾಣಪತ್ರ ನೋಡಿದರು, ಲಿಸ್ಟ್ ನೋಡಿದರು, ಮತ್ತೆ ಪ್ರಮಾಣಪತ್ರ ನೋಡಿದರು. ನೋಂದಣಿ ಮಾಡುವಾಗ ಅಪ್ಪ ಹುಟ್ಟಿದ ವರ್ಷದ ಒಂದು ಅಂಕಿ ತಪ್ಪು ಒತ್ತಿದ್ದರು. ಆವತ್ತು ಅದು ಆಡಲಿಲ್ಲ. ರ್‍ಯಾಕೆಟ್ ಬ್ಯಾಗ್ ಹೆಗಲಿಂದ ಇಳಿಸದೇ ಇಡೀ ಬೆಳಗ್ಗೆ ಬೇರೆಯವರ ಆಟ ನೋಡುತ್ತಾ ನಿಂತಿತ್ತು.

ಅದಕ್ಕೇ ಹೇಳುವುದು ಮೇಡಂ, ಇವತ್ತು ರಾತ್ರಿ ಫಾರಂ ತುಂಬುವಾಗ ಪ್ರಮಾಣಪತ್ರ ಪಕ್ಕದಲ್ಲೇ ಇಟ್ಟುಕೊಳ್ಳಿ. ಮಗಳ ಕೈಯಲ್ಲಿ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿಸಿ, ನೀವು ಒತ್ತಿ.