ಕಣ್ಣಿಟ್ಟು ನೋಡುವ ಜಾಗವೇ ಇಲ್ಲದ ಟೆಲಿಸ್ಕೋಪ್: ತರಿಸಬಹುದಾ?

ಔಷಧಿ ಅಂಗಡಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು, ಊಟ ಮುಗಿಸಿ ತಾರಸಿಗೆ ಹೋಗುವುದು ಮೂವತ್ತು ವರ್ಷದ ಅಭ್ಯಾಸ. ಮೊದಲು ಬೀಡಿ ಸೇದಲು ಹೋಗುತ್ತಿದ್ದೆ. ಬೀಡಿ ಬಿಟ್ಟು ಹನ್ನೊಂದು ವರ್ಷವಾಯಿತು, ತಾರಸಿ ಬಿಟ್ಟಿಲ್ಲ.

ಬರುವ ತಿಂಗಳು ಅಕ್ಕನ ಮಗ ಅಮೆರಿಕದಿಂದ ಬರುತ್ತಿದ್ದಾನೆ. ‘ಮಾವ, ಏನು ತರಲಿ?’ ಎಂದು ಕೇಳಿ, ಅವನೇ ಒಂದು ವಿಡಿಯೋ ಕಳಿಸಿದ. ಸೀಸ್ಟಾರ್ ಎಸ್50 ಅಂತೆ. ಅಡುಗೆಮನೆಯ ನೀರಿನ ಫಿಲ್ಟರ್ ಥರ ಒಂದು ಡಬ್ಬ. ಸ್ವಿಚ್ ಹಾಕಿದರೆ ಪಕ್ಕದಿಂದ ಒಂದು ತೋಳು ಏಳುತ್ತದೆ, ಅದರಲ್ಲೇ ಲೆನ್ಸು. ಕಣ್ಣಿಟ್ಟು ನೋಡುವ ಐಪೀಸೇ ಇಲ್ಲ! ಚಿತ್ರ ಬರುವುದು ಮೊಬೈಲಿಗೆ. ಮೊದಲು ಬಂದಾಗ ಬೆಲೆ ಸುಮಾರು 500 ಡಾಲರ್ ಇತ್ತಂತೆ. ದುಡ್ಡು ಬೇಡ ಎನ್ನುತ್ತಾನೆ. ಆದರೆ ಸುಮ್ನೆ ತಗೊಳ್ಳುವ ಜಾತಿ ನಾನಲ್ಲ.

ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. 2019ರಲ್ಲಿ ಆನ್‌ಲೈನ್‌ನಲ್ಲಿ ಏಳು ಸಾವಿರ ಕೊಟ್ಟು ಒಂದು ಟೆಲಿಸ್ಕೋಪ್ ತರಿಸಿದ್ದೆ. ಪೆಟ್ಟಿಗೆ ಮೇಲೆ ‘675 ಪಟ್ಟು’ ಎಂದಿತ್ತು. ನಾನು ಉಸಿರು ಬಿಟ್ಟರೂ ಅದರ ಸ್ಟ್ಯಾಂಡ್ ಅಲ್ಲಾಡುತ್ತಿತ್ತು. ಚಂದ್ರ ಸಿಕ್ಕಿದ್ದು ಬಿಟ್ಟರೆ ಇನ್ನೇನೂ ಸಿಗಲಿಲ್ಲ. ಈಗ ಅದು ಅಟ್ಟದಲ್ಲಿ, ಗಣೇಶನ ಮಂಟಪದ ಪಕ್ಕ ಮಲಗಿದೆ. ಹೊಸದರ ಸುದ್ದಿ ಎತ್ತಿದ್ದೇ ತಡ, ‘ಇದನ್ನೂ ಅಟ್ಟಕ್ಕೇ ತರಿಸುತ್ತಿದ್ದೀರಾ?’ ಎಂದಳು ಮನೆಯವಳು.

ಮನೆ ಮುಂದೆಯೇ ಎಲ್‌ಇಡಿ ಬೀದಿ ದೀಪ. ಉತ್ತರಕ್ಕೆ ನೀರಿನ ಟ್ಯಾಂಕ್. ಇಂಥ ಜಾಗದಲ್ಲಿ ಏನಾದರೂ ಕಾಣುತ್ತದಾ? ಶನಿಯ ಬಳೆ ಕಂಡೀತಾ? ಕೊನೆಗೆ ಇನ್ನೊಂದು: ಮೊಬೈಲಿನಲ್ಲಿ ನೋಡಿದರೆ ಅದು ನೋಡಿದ ಹಾಗಾ?

ಚಹಾ ಚಟ

ಸಾರ್, ಫೋಟೋನೇ ನೋಡುವುದಾದರೆ ಬಾಹ್ಯಾಕಾಶದ ಹಬಲ್ ಟೆಲಿಸ್ಕೋಪ್ ತೆಗೆದದ್ದು ಪುಕ್ಕಟೆ ಸಿಗುತ್ತದೆ. ಅದೇ ದುಡ್ಡಿಗೆ ಒಳ್ಳೆ ವಾಷಿಂಗ್ ಮೆಷಿನ್ ಬರುತ್ತದೆ. ಅತ್ತಿಗೆಗೂ ಖುಷಿ.

ಮೈಸೂರು ತಾರಸಿ

ವಾಷಿಂಗ್ ಮೆಷಿನ್ ಯಾರು ಬೇಕಾದರೂ ಹೇಳುತ್ತಾರೆ ಬಿಡಿ. ನನ್ನ ಹತ್ತಿರ ಇದೇ ಎಸ್50 ಒಂದೂವರೆ ವರ್ಷದಿಂದ ಇದೆ. ಬ್ಯಾಂಕ್ ಕೆಲಸ ನನ್ನದು, ಖಗೋಳ ಓದಿದವಳಲ್ಲ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಶನಿಯ ಆಸೆ ಬಿಡಿ. ಇದರ ಲೆನ್ಸ್ 50 ಮಿಲಿಮೀಟರ್ ಅಗಲ, ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 250. ಅಗಲವಾಗಿ ನೋಡುತ್ತದೆ, ಹತ್ತಿರಕ್ಕೆ ಎಳೆಯುವುದಿಲ್ಲ. ಚಿತ್ರದಲ್ಲಿ ಚಂದ್ರ 780 ಪಿಕ್ಸೆಲ್ ಅಗಲ ಬಂದರೆ ಶನಿ ಬಳೆ ಸಮೇತ ಇಪ್ಪತ್ತೂ ಮುಟ್ಟುವುದಿಲ್ಲ. ಅದೂ ಅಲ್ಲದೆ 2025ರ ಮಾರ್ಚ್‌ನಲ್ಲಿ ಆ ಬಳೆ ಭೂಮಿಯ ಕಡೆ ಅಂಚು ತಿರುಗಿಸಿತ್ತು. ಆ ವರ್ಷ ದೊಡ್ಡ ಟೆಲಿಸ್ಕೋಪಿನಲ್ಲೇ ಗೆರೆಯ ಹಾಗೆ ಕಂಡಿತ್ತು. ಗ್ರಹ ನೋಡಲೇಬೇಕು ಎಂದಿದ್ದರೆ ಇದು ನಿಮ್ಮ ಯಂತ್ರವಲ್ಲ.

ಇದರ ಜಾಣತನ ಬೇರೆ ಕಡೆ ಇದೆ. ನಮ್ಮ ಕಣ್ಣು ಸಣ್ಣ ಲೋಟದ ಹಾಗೆ, ಬಿದ್ದ ಬೆಳಕನ್ನು ಕ್ಷಣ ಕ್ಷಣಕ್ಕೂ ಚೆಲ್ಲಿಕೊಂಡು ಹೊಸದಕ್ಕೆ ಕಾಯುತ್ತದೆ. ಈ ಯಂತ್ರ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕೂರುತ್ತದೆ. ಹತ್ತು ಸೆಕೆಂಡಿಗೊಂದು ಫೋಟೋ ತೆಗೆದು, ಒಂದರ ಮೇಲೊಂದು ಜೋಡಿಸುತ್ತಾ ಹೋಗುತ್ತದೆ. ಎಲ್ಲಿಗೆ ತಿರುಗಬೇಕು ಎಂದು ನೀವು ತೋರಿಸಬೇಕಿಲ್ಲ. ಎದುರಿಗೆ ಕಂಡ ನಕ್ಷತ್ರಗಳನ್ನು ತನ್ನೊಳಗಿನ ನಕ್ಷೆಗೆ ಹೋಲಿಸಿ, ತಾನೇ ದಿಕ್ಕು ಹಿಡಿಯುತ್ತದೆ. ಕಬ್ಬಿಣದ ಮೇಜಿನ ಮೇಲೆ ಮಾತ್ರ ಇಡಬೇಡಿ, ಒಳಗಿನ ದಿಕ್ಸೂಚಿಗೆ ತಲೆ ಕೆಡುತ್ತದೆ. ಸ್ಟ್ಯಾಂಡ್ ಮಟ್ಟವಾಗಿರಲಿ.

ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ (ಅನಿಲ, ದೂಳಿನ ಮೋಡ), ಖಗೋಳದವರ ಪಟ್ಟಿಯಲ್ಲಿ ಎಂ42, ಮೊದಲ ಫೋಟೋದಲ್ಲಿ ಬರೀ ಮಸುಕು. ಹತ್ತು ನಿಮಿಷಕ್ಕೆ ಕೆಂಪು ರೆಕ್ಕೆ ಬಿಚ್ಚಿಕೊಂಡಿತು. 1,300 ಜ್ಯೋತಿರ್ವರ್ಷ ದೂರದ್ದು, ನಮ್ಮ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಂತು ನೋಡಿದೆವು.

ಆವತ್ತು ಅಮ್ಮನೂ ಇದ್ದರು. ಅಮ್ಮ ರಾಣೆಬೆನ್ನೂರು ಕಡೆಯವರು, ಒಕ್ಕಲುತನದ ಮನೆ. ಮುಂದೆ ಕೃತ್ತಿಕೆ ನಕ್ಷತ್ರಗಳ ಗುಂಪು ಹಾಕಿದೆ. ಪೂರ್ತಿ ಚೌಕಟ್ಟಿಗೆ ಹಿಡಿಸುವುದಿಲ್ಲ, ಆದರೂ ನೀಲಿ ನಕ್ಷತ್ರಗಳು, ಸುತ್ತ ಹೊಗೆಯಂತೆ ಮಬ್ಬು. ‘ಇದಕ್ಕೆ ಕೃತ್ತಿಕೆ ಅಂತಾರೆ’ ಎಂದೆ. ಅಮ್ಮ ಮೊಬೈಲ್ ಕೈಗೆ ತಗೊಂಡು, ‘ಕೃತ್ತಿಕೆ ಮಳೆ ಗೊತ್ತು. ಅದು ಮೇಲೆ ಇರೋ ವಸ್ತು ಅಂತ ಗೊತ್ತಿರಲಿಲ್ಲ’ ಎಂದರು. ಎಪ್ಪತ್ತನಾಲ್ಕು ವರ್ಷ ಮಳೆ ಎಣಿಸಿದವರು! ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’ ಎಂದು ನಮಗೆ ಹೇಳಿಕೊಟ್ಟವರೇ ಅವರು. ಹಾಗಾಗಿ ರೋಹಿಣಿಯನ್ನೂ ತೋರಿಸಿದೆ. ಒಂದೇ ಒಂದು ಕಿತ್ತಳೆ ಚುಕ್ಕಿ. ಮೃಗಶಿರ, ಆರ್ದ್ರಾ ಎಲ್ಲಾ ಸಾಲಾಗಿ ಕೇಳಿದರು. ನಾನು ನಿದ್ದೆ ಹೋಗುವ ಹೊತ್ತಿಗೆ ರಾತ್ರಿ ಒಂದೂವರೆ.

ಆಮೇಲೆ ಹೊಳೆದದ್ದು ಇದು. ಸೂರ್ಯ ಕೃತ್ತಿಕೆಗೆ ಬರುವುದು ಮೇ ಎರಡನೇ ವಾರದಲ್ಲಿ, ಆಗಲೇ ಕೃತ್ತಿಕೆ ಮಳೆ. ಆದರೆ ಸೂರ್ಯನ ಜೊತೆಗಿದ್ದರೆ ಆ ನಕ್ಷತ್ರ ರಾತ್ರಿ ಕಾಣುವುದಿಲ್ಲವಲ್ಲ. ಮಳೆ ಹೆಸರು ಬಾಯಲ್ಲಿರುವಾಗ ನಕ್ಷತ್ರ ಆಕಾಶದಲ್ಲಿ ಕಾಣುವುದಿಲ್ಲ, ಕಾಣುವ ಚಳಿಗಾಲದಲ್ಲಿ ಯಾರೂ ಮಳೆ ನೆನೆಯುವುದಿಲ್ಲ. ಅಮ್ಮನಿಗೆ ಗೊತ್ತಿಲ್ಲದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಬೀದಿ ದೀಪ: ಇದರೊಳಗೆ ಒಂದು ಫಿಲ್ಟರ್ ಇದೆ. ಹೈಡ್ರೋಜನ್, ಆಕ್ಸಿಜನ್ ಹೊಮ್ಮಿಸುವ ಬೆಳಕನ್ನು ಬಿಟ್ಟು ಉಳಿದದ್ದನ್ನು ಬಹುಪಾಲು ತಡೆಯುತ್ತದೆ. ನೀಹಾರಿಕೆಯ ಬೆಳಕು ಹೆಚ್ಚಾಗಿ ಅದೇ, ಹಾಗಾಗಿ ಅದಕ್ಕೆ ಇದು ವರ. ದೇವಯಾನಿಯಂಥ ಗೆಲಾಕ್ಸಿಗೆ ಅಷ್ಟು ಉಪಯೋಗವಿಲ್ಲ, ಅದರ ಬೆಳಕು ಎಲ್ಲ ಬಣ್ಣದ್ದು. ಆದರೂ ದೀಪ ನೇರ ಲೆನ್ಸಿಗೆ ಬೀಳದ ಹಾಗೆ ಮರೆಯಲ್ಲಿ ಇಡಿ. ಟ್ಯಾಂಕಿನ ಚಿಂತೆ ಬೇಡ. ಹಾಸನ 13 ಡಿಗ್ರಿ ಅಕ್ಷಾಂಶದಲ್ಲಿದೆ, ಧ್ರುವ ನಕ್ಷತ್ರ ಇರುವುದೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ. ನೋಡುವಂಥದ್ದೆಲ್ಲ ಪೂರ್ವದಲ್ಲಿ ಹುಟ್ಟಿ ನೆತ್ತಿ ಮೇಲೆ ಹಾದು ಹೋಗುತ್ತದೆ.

ಹಗಲು ಸೂರ್ಯನನ್ನು ನೋಡುವುದಾದರೆ ಜೊತೆಗೆ ಕೊಡುವ ಸೂರ್ಯನ ಫಿಲ್ಟರ್ ಹಾಕದೆ ಆ ಕಡೆ ತಿರುಗಿಸಲೇಬೇಡಿ. ಒಳಗಿನ ಕ್ಯಾಮೆರಾ ಸುಟ್ಟುಹೋಗುತ್ತದೆ.

ದೂರುಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಬೀರುವಿನಲ್ಲೇ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಹನ್ನೊಂದರಿಂದ ಹನ್ನೆರಡೂ ಕಾಲು ದಾಟುವವರೆಗೆ ತಾರಸಿಯಲ್ಲೇ ಇದ್ದೆ. ಮೋಡದ ಸಂದಿಯಲ್ಲಿ ಕೆಂಪು ಚಂದ್ರ ಮೂರು ಸಲ ಇಣುಕಿದ, ಅಷ್ಟೇ.

ನಿಮ್ಮ ಅಕ್ಕನ ಮಗನಿಗೆ ಹೇಳಿ: ಒಳಗೆ ಲಿಥಿಯಂ ಬ್ಯಾಟರಿ ಇದೆ, ಕೈಚೀಲದಲ್ಲೇ ತರಲಿ. ಬರೀ ಎರಡೂವರೆ ಕೆಜಿ.

ಬೆಟ್ಟದಂಚು, ಶಿರಸಿ

ಮೇಡಂ ಹೇಳಿದ್ದು ಸರಿ ಇದೆ. ಆದರೆ ಕೊನೆಯ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ: ಅದು ನೋಡಿದ ಹಾಗಲ್ಲ.

ನನ್ನ ಹತ್ತಿರ ಎಂಟು ಇಂಚಿನ ಡಾಬ್ಸೋನಿಯನ್ ಇದೆ, ಕೈಯಲ್ಲೇ ತಿರುಗಿಸಿ ಕಣ್ಣಿಟ್ಟು ನೋಡುವ ಕನ್ನಡಿ ಟೆಲಿಸ್ಕೋಪ್. ಮೋಟಾರಿಲ್ಲ, ಆ್ಯಪಿಲ್ಲ, ಅಂಗಳಕ್ಕೆ ಹೊರಲು ಅಣ್ಣನನ್ನು ಕರೆಯಬೇಕು. ಅದರಲ್ಲಿ ಅದೇ ಎಂ42 ಬೂದು ಬಣ್ಣ, ಸ್ವಲ್ಪ ಹಸಿರು ಅನ್ನಬಹುದು. ಕೆಂಪು ಗಿಂಪು ಏನೂ ಇಲ್ಲ. ಆದರೆ ಅಲ್ಲಿಂದ ಹೊರಟ ಬೆಳಕು ನನ್ನ ಕಣ್ಣಿಗೇ ಬಿತ್ತು, ಅಲ್ವಾ? ಅಡಿಕೆ ಕೊಯ್ಲಿಗೆ ಬಂದವರಿಗೆ ಒಮ್ಮೆ ಶನಿ ತೋರಿಸಿದೆ. ಒಬ್ಬ ನಾನೇ ಸ್ಟಿಕರ್ ಅಂಟಿಸಿದ್ದೇನೆಂದು ಕೊಳವೆಯ ಬಾಯಿಗೆ ಇಣುಕಿ ನೋಡಿದ. ಮೊಬೈಲಿನಲ್ಲಿ ತೋರಿಸಿದ್ದರೆ ಯಾರೂ ಇಣುಕುತ್ತಿರಲಿಲ್ಲ.

ಆದರೆ ನನ್ನದು ಕತ್ತಲೆ ಊರು. ದೀಪದ ಕೆಳಗೆ ನನ್ನ ಡಾಬ್ಸೋನಿಯನ್ ನೀಹಾರಿಕೆ ತೋರಿಸಲು ಒದ್ದಾಡುತ್ತದೆ, ಅದನ್ನು ಒಪ್ಪುತ್ತೇನೆ. ತರಿಸಿ, ಜೊತೆಗೊಂದು 10x50 ಬೈನಾಕ್ಯುಲರ್ (ಹತ್ತು ಪಟ್ಟು, 50 ಮಿಲಿಮೀಟರ್ ಲೆನ್ಸ್) ಇಟ್ಟುಕೊಳ್ಳಿ. ಯಂತ್ರ ಬೆಳಕು ತುಂಬಿಕೊಳ್ಳುವ ಹತ್ತು ನಿಮಿಷ ನೀವೇನು ಮಾಡುತ್ತೀರಿ? ಬೀಡಿಯಂತೂ ಬಿಟ್ಟಿದ್ದೀರಿ.

ಔಷಧಿ ಅಂಗಡಿ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಮಗನಿಗೆ ತರಲು ಹೇಳಿದೆ. ಬೈನಾಕ್ಯುಲರ್ ಇಲ್ಲೇ ನೋಡುತ್ತೇನೆ. ಅಟ್ಟದ ಹಳೆಯದನ್ನು ಎದುರು ಮನೆ ಹುಡುಗನಿಗೆ ಕೊಟ್ಟೆ, ಅವನು ಬೀದಿ ನಾಯಿ ನೋಡುತ್ತಿದ್ದಾನೆ.

ಮೈಸೂರು ಮೇಡಂ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ನಿನ್ನೆ ಅವಳೇ ತಾರಸಿಗೆ ಬಂದಳು. ಬರಿಗಣ್ಣಲ್ಲಿ ಕೃತ್ತಿಕೆ ಹುಡುಕಿದೆವು. ಟ್ಯಾಂಕಿನ ಬಲಕ್ಕೆ ಸಿಕ್ಕಿತು, ದ್ರಾಕ್ಷಿ ಗೊಂಚಲಿನ ಹಾಗೆ. ನಾನು ನಾಲ್ಕು ಎಣಿಸಿದೆ, ಅವಳು ಆರು ಎನ್ನುತ್ತಾಳೆ. ಯಾರು ಸರಿ?

ಮೈಸೂರು ತಾರಸಿ

ಅವರೇ ಸರಿ. ನಿಮ್ಮ ಕನ್ನಡಕದ ನಂಬರ್ ಚೆಕ್ ಮಾಡಿಸಿ ಸಾರ್.