ಪದ ಬೇಕು: ಬಟ್ಟೆಗೆ ಮೆತ್ತಿಕೊಂಡು ಮನೆಗೆ ಬರುವ ವಿಷಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಪ್ಪಳ ತಾಲ್ಲೂಕಿನ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಕಾರ್ಮಿಕರಿಗಾಗಿ ಸುರಕ್ಷತಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಂಟಾಮಿನೇಷನ್’, ‘ಡಿಕಂಟಾಮಿನೇಷನ್’ ಎಂಬ ಜೋಡಿಯ ಮುಂದೆ ಒಂದು ವಾರದಿಂದ ಕೆಲಸ ನಿಂತಿದೆ. ಸೀಸದ ಪುಡಿ, ಸಿಲಿಕಾ ಧೂಳು, ಆಮ್ಲ ಮುಂತಾದವು ಬಟ್ಟೆಗೆ, ಬೂಟಿಗೆ, ಸಲಕರಣೆಗೆ ಮೆತ್ತಿಕೊಂಡು ಅಪಾಯದ ಜಾಗದಿಂದ ಆಚೆ ಬರುವುದು ಮೊದಲನೆಯದು. ಅವು ಊಟದ ಡಬ್ಬಿಯನ್ನು, ಮನೆಯ ಮಗುವನ್ನು ತಲುಪುವ ಮೊದಲೇ ತೆಗೆಯುವುದು ಎರಡನೆಯದು.

‘ಮಾಲಿನ್ಯ’ ಎಂದರೆ ಇಲ್ಲಿಯವರ ಕಣ್ಣ ಮುಂದೆ ಬರುವುದು ಚಿಮಣಿಯ ಹೊಗೆ, ಕಪ್ಪು ಕೂತ ಬೆಳೆ. ‘ಕಲಬೆರಕೆ’ ಹಾಲು, ಎಣ್ಣೆಗಳ ಮಾತಾಯಿತು.

‘ಸೋಂಕು’ ನಿಜಕ್ಕೂ ಹೊಂದಬೇಕಿತ್ತು. ಹಳಗನ್ನಡದಲ್ಲಿ ಅದಕ್ಕೆ ತಾಕು, ಮುಟ್ಟು ಎಂಬ ಅರ್ಥವೇ ಇದೆ. ಆದರೆ 2020ರ ಕೊರೊನಾ ಬಳಿಕ ಅದು ರೋಗಾಣುವಿಗೇ ಕಟ್ಟುಬಿದ್ದಿದೆ. ರೋಗಾಣುವನ್ನು ಔಷಧಿ ಸಿಂಪಡಿಸಿ ಕೊಲ್ಲಬಹುದು, ಸೀಸ ಸಾಯುವುದಿಲ್ಲ. ಬಟ್ಟೆಯಿಂದ ತೊಳೆದರೆ ನೀರಿಗೆ ಹೋಗುತ್ತದೆ, ನೀರನ್ನು ಚರಂಡಿಗೆ ಬಿಟ್ಟರೆ ಮಣ್ಣಿಗೆ ಹೋಗುತ್ತದೆ. ಅದಕ್ಕೇ ತೊಳೆದ ನೀರನ್ನೂ ಹಿಡಿದಿಟ್ಟು ಅಪಾಯಕಾರಿ ತ್ಯಾಜ್ಯದಂತೆಯೇ ವಿಲೇವಾರಿ ಮಾಡಬೇಕು. ‘ಸೋಂಕು ನಿವಾರಣೆ’ ಎಂದು ಬರೆದರೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಊಟಕ್ಕೆ ಕುಳಿತುಬಿಡುತ್ತಾರೆಂಬ ಭಯ ನನ್ನದು. ‘ವಿಷ ಇಳಿಸುವುದು’ ಎಂದರೆ ಹಾವು ಕಚ್ಚಿದವನ ನೆನಪಾಗುತ್ತದೆ. ಇಲ್ಲಿ ವಿಷ ಇನ್ನೂ ಮೈಯೊಳಗೆ ಹೋಗಿಲ್ಲ, ಹೋಗಬಾರದು ಎಂಬುದೇ ಮಾತು.

ಸಹೋದ್ಯೋಗಿಯೊಬ್ಬರು ‘ಮೈಲಿಗೆ ವಲಯ’, ‘ಮಡಿ ವಲಯ’ ಎಂದು ಸೂಚಿಸಿದರು. ಮುಟ್ಟಿದರೆ ದಾಟುತ್ತದೆ, ನಡುವೆ ಗೆರೆಯಿದೆ, ಗೆರೆಯಲ್ಲಿ ಬಟ್ಟೆ ಕಳಚಬೇಕು, ಮಿಂದು ಈಚೆ ಬರಬೇಕು: ಹೋಲಿಕೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೂ ನಾನು ಒಪ್ಪಲಾರೆ. ಧೂಳಿನ ಫಿಲ್ಟರ್ ಚೀಲ ಬದಲಿಸಲು, ಬೂದಿ ತುಂಬಲು ಇಳಿಯುವವರು ಯಾವ ಕೇರಿಗಳಿಂದ ಬರುತ್ತಾರೆಂದು ನೋಡಿದ್ದೇನೆ. ತಲೆಮಾರುಗಳಿಂದ ಅವರನ್ನು ಹೊರಗಿಟ್ಟ ಪದವನ್ನೇ ಫಲಕ ಮಾಡಿ ಅವರ ತಲೆಯ ಮೇಲೆ ತೂಗುಹಾಕಲು ನನ್ನ ಕೈ ಏಳುವುದಿಲ್ಲ.

ವಲಯಗಳ ಹೆಸರೂ ತೊಡಕಿನದೇ. ಅಪಾಯದ ಜಾಗಕ್ಕೆ ಇಂಗ್ಲಿಷಿನಲ್ಲಿರುವ ‘ಹಾಟ್ ಝೋನ್’ ಅನ್ನು ‘ಬಿಸಿ ವಲಯ’ ಎಂದರೆ ಇಲ್ಲಿ ಎಲ್ಲರೂ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ಕಡೆ ನೋಡುತ್ತಾರೆ. ಸುರಕ್ಷಿತ ಜಾಗವನ್ನು ‘ತಂಪು ವಲಯ’ ಎಂದರೆ ಬೇವಿನ ನೆರಳು. ಕೆಂಪು, ಹಳದಿ, ಹಸಿರು ಎಂದು ಬರೆದಿದ್ದೇನೆ.

ಒಂದು ದಾರಿ ತೋರಿಸಿದವರು ಕಾರ್ಮಿಕರೇ. ‘ಧೂಳು ಹತ್ತಿದ ಅಂಗಿ’ ಎಂದರು ಒಬ್ಬರು. ನಮ್ಮ ಕಡೆ ಹತ್ತುವುದೆಂದರೆ ಅಂಟುವುದು ಕೂಡ. ಮದುವೆಯಲ್ಲಿ ಅಂಗಿಗೆ ಅರಿಸಿನ ಹತ್ತುತ್ತದೆ. ಹಾಗಾಗಿ ನಾಮಪದದ ಹಟ ಬಿಟ್ಟು ಫಲಕಕ್ಕೆ ಹೀಗೆ ಬರೆದೆ: ‘ಧೂಳು ಹತ್ತಿದ ಬಟ್ಟೆಯನ್ನು ಇಲ್ಲೇ ಕಳಚಿ. ಕೊಡವಬೇಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ.’ ಕೊಡವಿದರೆ ಕುಳಿತ ಧೂಳು ಮತ್ತೆ ಎದ್ದು ಉಸಿರಿಗೆ ಸೇರುತ್ತದೆ. ಶಿಫ್ಟ್ ಮುಗಿದಾಗ ಎಲ್ಲರೂ ಮಾಡುವುದು ಅದನ್ನೇ. ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂದು ಕೆಳಗೆ ಸೇರಿಸಿದ್ದೇನೆ.

ಫಲಕಕ್ಕೆ ಕ್ರಿಯಾಪದ ಸಾಕು, ಕೈಪಿಡಿಯ ಅಧ್ಯಾಯಕ್ಕೆ ಹೆಸರು ಬೇಕಲ್ಲವೇ? ‘ಹತ್ತುಗೊಳೆ’ ಎಂದರೆ ಓದುವವರು ಹತ್ತನ್ನು ಎಣಿಕೆಯಾಗಿ ಓದಿಯಾರು. ‘ಅಂಟುಗೊಳೆ’ ಆಗಬಹುದೇ? ಬಟ್ಟೆ, ಬೂಟು ಕಳಚಿ ತೊಳೆದುಕೊಳ್ಳುವ ಜಾಗಕ್ಕೆ ‘ಕಳಚುಕಟ್ಟೆ’ ಎಂದಿಟ್ಟಿದ್ದೇನೆ, ಕಿವಿಗೆ ಒಗ್ಗುತ್ತದೆಯೇ? ಮೈಸೂರು ಕಡೆಯವರಿಗೆ ‘ಧೂಳು ಹತ್ತಿದ’ ಎಂಬುದು ತಿಳಿಯುತ್ತದೆಯೇ?

ಇನ್ನೊಂದು ಕೋರಿಕೆ. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರು, ಬಳ್ಳಾರಿಯ ಜೀನ್ಸ್ ಬಣ್ಣದ ಘಟಕಗಳಲ್ಲಿ ದುಡಿಯುವವರು ಯಾರಾದರೂ ನಿಮ್ಮ ಮನೆಗಳಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ: ಕೆಲಸ ಮುಗಿಸಿ ಬಂದಾಗ ಬಟ್ಟೆಯಲ್ಲಿ ಉಳಿದಿರುವುದನ್ನು ಅವರು ಏನೆಂದು ಕರೆಯುತ್ತಿದ್ದರು?