ಬ್ಲ್ಯಾಕ್ ಐಪಿಎ: ಬೆಂಗಳೂರಲ್ಲಿ ಚಕ್ಕೋತ, ಚಿಕ್ಕಬಳ್ಳಾಪುರದಲ್ಲಿ ಬೂದಿ. ತಪ್ಪು ಬಿಯರ್‌ದಾ, ನಾಲಿಗೇದಾ?

ಕಂದವಾರ ಏರಿ (ಚಿಕ್ಕಬಳ್ಳಾಪುರ), ಶನಿವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಬೆಂಗಳೂರಲ್ಲಿ ಸ್ನೇಹಿತನ ಮನೇಲಿ ಒಂದು ಬ್ಲ್ಯಾಕ್ ಐಪಿಎ (ಹಾಪ್ ಹೂವು ಧಾರಾಳವಾಗಿ ಹಾಕಿದ ಕಪ್ಪು ಬಿಯರ್) ಕುಡಿದೆ. ಲೋಟಕ್ಕೆ ಬಗ್ಗಿಸೋವಾಗ್ಲೇ ಚಕ್ಕೋತದ ಸಿಪ್ಪೆ ಸುಲಿದ ಹಾಗೆ ಘಮ್ ಅಂತು. ಹಿಂದೇನೇ ಹಾಲುಮಡ್ಡಿ ಧೂಪದ ವಾಸನೆ, ಕೊನೇಲಿ ಸಕ್ಕರೆ ಹಾಕದ ಕೋಕೋ. ಕಣ್ಣಿಗೆ ಕಪ್ಪು ಸ್ಟೌಟ್ ಬಿಯರ್, ಮೂಗಿಗೆ ಹಾಪ್ ಘಮದ ಐಪಿಎ. ತಲೆ ಕೆಟ್ಟು ಅದರದ್ದೇ ಆರು ಬಾಟಲಿ ತಗೊಂಡೆ. ಬ್ಯಾಗಲ್ಲಿ ಹಿಡಿಸಿದ್ದು ನಾಲ್ಕು, ಎರಡನ್ನ ಅವನ ಫ್ರಿಜ್ಜಲ್ಲೇ ಬಿಟ್ಟು ಬಂದೆ.

ಇವತ್ತು ನಾಲ್ಕು ಜನ ಕೂತು ಎರಡು ಬಾಟಲಿ ತೆಗೆದ್ವಿ. 50ಕ್ಕೆ ಅಂಕ ಕೊಡೋ ಬಿಜೆಸಿಪಿ (ಬಿಯರ್ ತೀರ್ಪುಗಾರರ ಸಂಸ್ಥೆ) ಹಾಳೆ ಪ್ರಿಂಟ್ ಹಾಕಿಸಿದ್ದೆ, ಭಾರಿ ತಯಾರಿ. ನೊರೆ ಅರ್ಧ ನಿಮಿಷಕ್ಕೆ ಮಾಯ. ಘಮ ಅನ್ನೋದೇ ಇಲ್ಲ. ಬಾಯಿಗೆ ಒಲೆ ಬೂದಿ ಹಾಕ್ಕೊಂಡ ಹಾಗೆ, ಆಮೇಲೆ ಕಹಿ ಅಂದ್ರೆ ಕಹಿ, ಒಸಡೆಲ್ಲ ಒಣಗಿಹೋಯ್ತು. ನಾನು 22 ಕೊಟ್ಟೆ. ಪಕ್ಕದವನು 38, ಇನ್ನೊಬ್ಬ 31. ನಾಲ್ಕನೆಯವನು "ಕಷಾಯಕ್ಕೆ ಅಂಕ ಬೇರೆ ಕೇಡು" ಅಂತ ಹಾಳೇನೇ ವಾಪಸ್ ಕೊಟ್ಟ.

ಮುಂದಿನ ತಿಂಗಳು ಹತ್ತು ಜನ ಸೇರಿ ಲೇಬಲ್ ಮುಚ್ಚಿ ರುಚಿ ನೋಡೋಣ ಅಂತಿದ್ದೀವಿ. ಒಂದೇ ಬಾಟಲಿಗೆ 16 ಅಂಕ ಹೆಚ್ಚುಕಮ್ಮಿ ಆದ್ರೆ ಆ ಕೂಟ ಜಗಳದಲ್ಲೇ ಮುಗಿಯುತ್ತೆ. ಬಿಯರ್ ಕೆಟ್ಟಿದೆಯಾ, ನಾವೇ ಕೆಟ್ಟಿದ್ದೀವಾ?

ತಿಪಟೂರು ಕೊಬ್ಬರಿ, ರಾತ್ರಿ 11:25

ಸೆಕೆಗೆ ಸ್ಕಂಕ್ ಆಗಿದೆ ಗುರೂ, ನಾತ ಹಿಡಿದಿದೆ. ಚೆಲ್ಲಿ.

ಮಾಲ್ಟ್ ಮಾವ (ತುಮಕೂರು), ಭಾನುವಾರ ಬೆಳಿಗ್ಗೆ 7:50

ಕೊಬ್ಬರಿ, ಚೆಲ್ಲೋಕೆ ಅಷ್ಟು ಅವಸರ ಬೇಡಪ್ಪ. ಸ್ಕಂಕ್ ಆಗೋದು ಬೆಳಕಿಂದ, ಸೆಕೆಯಿಂದಲ್ಲ. ಹಾಪ್ ಹೂವಿನ ಕಹಿ ಪದಾರ್ಥಕ್ಕೆ ನೀಲಿ ಬೆಳಕು, ಅದರ ಆಚೆಯ ನೇರಳಾತೀತ ಕಿರಣ ಬಿದ್ರೆ ಒಂದು ಗಂಧಕದ ಸಂಯುಕ್ತ ಹುಟ್ಟುತ್ತೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಮೂಗಿಗೆ ಗೊತ್ತಾಗುತ್ತೆ. ಹಸಿರು, ಬಿಳಿ ಬಾಟಲಿಗೆ ಆ ಕಾಟ ಜಾಸ್ತಿ, ಕಂದು ಬಾಟಲಿ ಬಹುಪಾಲು ತಡೆಯುತ್ತೆ, ಕ್ಯಾನಿಗೆ ಭಯವೇ ಇಲ್ಲ. ನಾವ್ಯಾರೂ ಸ್ಕಂಕ್ ಅನ್ನೋ ನಾತದ ಪ್ರಾಣೀನ ಮೂಸಿಲ್ಲ, ಆದ್ರೂ ಬಿಯರ್ ಸರಿಯಿಲ್ಲ ಅಂದ ತಕ್ಷಣ ಬಾಯಿಗೆ ಬರೋದು ಅದೇ ಪದ!

ಕಂದವಾರ ಅವರೇ, ನಾಚಿಕೆ ಬಿಟ್ಟು ಹೇಳಿ: ಬಾಟಲಿ ಯಾವ ಬಣ್ಣ, ಮೂರು ವಾರ ಎಲ್ಲಿಟ್ಟಿದ್ರಿ, ಎಷ್ಟು ತಣ್ಣಗೆ ಕುಡಿದ್ರಿ, ಲೋಟ ಯಾವುದರಲ್ಲಿ ತೊಳೆದದ್ದು, ಕುಡಿಯೋ ಮುಂಚೆ ಏನು ತಿಂದಿದ್ರಿ?

ಕಂದವಾರ ಏರಿ, ಬೆಳಿಗ್ಗೆ 9:15

ಬಾಟಲಿ ಕಂದು. ಫ್ರಿಜ್ಜಲ್ಲಿಟ್ರೆ ಅಮ್ಮ ನೋಡ್ತಾರೆ ಅಂತ ಗೋಣಿಚೀಲ ಸುತ್ತಿ ಅಟ್ಟದ ಮೇಲಿಟ್ಟಿದ್ದೆ (ವಯಸ್ಸು 34, ನಗಬೇಡಿ). ಅಟ್ಟದ ಮೇಲೆ ಶೀಟು. ನಿನ್ನೆ ಸಂಜೆ ಒಂದು ಗಂಟೆ ಫ್ರೀಜರಲ್ಲಿಟ್ಟು ತೆಗೆದೆ. ಲೋಟ ಗಾಜಿನದ್ದೇ, ಪಾತ್ರೆ ಸೋಪು, ಬೋರ್‌ವೆಲ್ ನೀರು. ತಿಂದದ್ದು ಮೆಣಸಿನಕಾಯಿ ಬಜ್ಜಿ, ಕಾಂಗ್ರೆಸ್ ಕಡ್ಲೆಬೀಜ. ನಾನು ಅದಕ್ಕೂ ಮುಂಚೆ ಎಲೆಅಡಿಕೆ ಹಾಕಿದ್ದೆ.

ಮಾಲ್ಟ್ ಮಾವ, ಬೆಳಿಗ್ಗೆ 10:30

ಇಷ್ಟೆಲ್ಲ ಆಗಿಯೂ 22 ಬಂತಲ್ಲ, ಆ ಬಿಯರ್‌ಗೆ ಕೈ ಮುಗೀಬೇಕು.

ಮೊದಲು ಅಟ್ಟ. ಬ್ರೂಯಿಂಗ್ ಮಾಡೋರಲ್ಲಿ 3-30-300 ಅಂತ ಒಂದು ಅಂದಾಜಿನ ಲೆಕ್ಕ ಇದೆ: 32 ಡಿಗ್ರಿಯಲ್ಲಿ 3 ದಿನ ಇಟ್ರೆ ಆಗೋ ಹಾನಿ, 22 ಡಿಗ್ರಿಯಲ್ಲಿ 30 ದಿನಕ್ಕೆ, 3 ಡಿಗ್ರಿಯಲ್ಲಿ 300 ದಿನಕ್ಕೆ ಆಗುತ್ತೆ. ಶೀಟಿನ ಕೆಳಗೆ ಮೂರು ವಾರ ಅಂದ್ರೆ ನೀವೇ ಗುಣಿಸಿಕೊಳ್ಳಿ. ಮೊದಲು ಸಾಯೋದು ಹಾಪ್ಸಿನ ಘಮ. ಆಮೇಲೆ ತಿಳಿ ಬಿಯರಲ್ಲಾದ್ರೆ ನೆನೆದ ರಟ್ಟಿನ ವಾಸನೆ ಎದ್ದು ಕಾಣುತ್ತೆ. ಕಪ್ಪು ಬಿಯರಲ್ಲಿ ಹುರಿದ ಮಾಲ್ಟು (ಮೊಳಕೆ ಬರಿಸಿದ ಬಾರ್ಲಿ) ಅದನ್ನ ಮುಚ್ಚಿಕೊಂಡು ಹಳೇ ಒಣದ್ರಾಕ್ಷಿ ಥರ ತೋರಿಸೋದುಂಟು. ಹಾಗಾಗಿ ನಿಮಗೆ "ಕೆಟ್ಟಿದೆ" ಅನ್ನಿಸ್ಲಿಲ್ಲ, "ಬೂದಿ" ಅನ್ನಿಸ್ತು. ಚಕ್ಕೋತ ಹೋದ್ಮೇಲೆ ಉಳಿದದ್ದು ಹುರಿದ ಮಾಲ್ಟು ಒಂದೇ ತಾನೆ.

ಎರಡನೇದು ಫ್ರೀಜರ್. ಅಷ್ಟು ಥಂಡಿಯಲ್ಲಿ ಘಮ ಮೇಲೇಳಲ್ಲ, ನಾಲಿಗೆ ಮರಗಟ್ಟುತ್ತೆ, ಕಹಿ ಮಾತ್ರ ಚುಚ್ಚುತ್ತೆ. ಫ್ರಿಜ್ಜಿಂದ ತೆಗೆದು ಹೊರಗೆ ಕಾಲು ಗಂಟೆ ಬಿಡಿ, 8-10 ಡಿಗ್ರಿಗೆ ಬಂದ್ರೆ ಸಾಕು.

ನೊರೆ ವಿಷಯ ನಮ್ಮ ಬಯಲುಸೀಮೆಯವರದ್ದೇ ಪಾಡು. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಸೇರಿದ್ರೆ ಗಾಜಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕೂರುತ್ತೆ. ಲೋಟದ ಒಳಗೆ ನೀರು ಆಡಿಸಿ ಚೆಲ್ಲಿ, ಉಪ್ಪಿನಪುಡಿ ಉದುರಿಸಿ. ಎಲ್ಲ ಕಡೆ ಸಮನಾಗಿ ಅಂಟಿದ್ರೆ ಲೋಟ ಶುದ್ಧ, ಬೋಳು ತೇಪೆ ಬಿಟ್ರೆ ಅಲ್ಲಿ ಜಿಡ್ಡಿದೆ. ನಿಂಬೆರಸ ಉಜ್ಜಿ ತೊಳೆದು, ಆಮೇಲೆ ಅಡುಗೆ ಸೋಡದಲ್ಲಿ ತಿಕ್ಕಿ, ಕೊನೆಗೆ ಫಿಲ್ಟರ್ ನೀರಲ್ಲಿ ಜಾಲಿಸಿ ಬೋರಲು ಹಾಕಿ. ಬಟ್ಟೇಲಿ ಒರೆಸಬೇಡಿ. ಬಜ್ಜಿ ಎಣ್ಣೆ ಮೀಸೆಯಲ್ಲಿದ್ರೂ ನೊರೆ ಇಳಿಯುತ್ತೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ.

ಎಲೆಅಡಿಕೆ ಬಗ್ಗೆ ತೋತಾಪುರಿ ಅಕ್ಕ ಬರೀತಾರೆ, ಅವರದ್ದೇ ಕ್ಷೇತ್ರ.

ತೋತಾಪುರಿ (ಶ್ರೀನಿವಾಸಪುರ), ಮಧ್ಯಾಹ್ನ 2:05

ಊಟಕ್ಕೆ ಬಂದೆ, ನೋಡಿದೆ. ನಾನು ಮಾವಿನ ಪಲ್ಪ್ ಘಟಕದ ಲ್ಯಾಬಲ್ಲಿ ಇರೋದು, ದಿನಾ ರುಚಿ ನೋಡೋದೇ ಕೆಲಸ.

ಕಂದವಾರ ಅವರೇ, ನೀವು "ಕಹಿ ಅಂದ್ರೆ ಕಹಿ, ಒಸಡೆಲ್ಲ ಒಣಗಿಹೋಯ್ತು" ಅಂತ ಒಂದೇ ಉಸಿರಲ್ಲಿ ಬರೆದಿದ್ದೀರಿ. ಅವೆರಡು ಬೇರೆ ಬೇರೆ. ಒಣಗಿಸೋದು ಕಹಿ ಅಲ್ಲ, ಒಗರು. ಹಾಗಲಕಾಯಿ ಕಹಿ, ಬಾಳೆಕಾಯಿ ಒಗರು. ನಮ್ಮ ಅಜ್ಜಿಯಂದಿರು ಎರಡನ್ನೂ ಯಾವತ್ತೂ ಕಲಸಿದವರಲ್ಲ, ಇಂಗ್ಲಿಷಲ್ಲಿ ಹಾಳೆ ತುಂಬೋಕೆ ಹೋಗಿ ನಾವು ಕಲಸ್ತೀವಿ. ಕಹಿ ಅನ್ನೋದು ರುಚಿ. ಒಗರು ಅನ್ನೋದು ಸ್ಪರ್ಶ: ಟ್ಯಾನಿನ್ ಅನ್ನೋ ಒಗರಿನ ಪದಾರ್ಥ ಹೋಗಿ ಎಂಜಲಿನ ಪ್ರೋಟೀನನ್ನ ಹಿಡಿದುಕೊಳ್ಳುತ್ತೆ, ಬಾಯಿಯ ಜಾರು ಹೋಗುತ್ತೆ. ನುಂಗಿದ ಮೇಲೆ ನಾಲಿಗೇನ ಅಂಗುಳಕ್ಕೆ ಒಂದು ಸಲ ಉಜ್ಜಿ ನೋಡಿ. ಜಾರಿದ್ರೆ ಬರೀ ಕಹಿ, ತರಿತರಿ ಅಂದ್ರೆ ಒಗರು. ಅಡಿಕೆ ತುಂಬ ಟ್ಯಾನಿನ್ನು, ಅದನ್ನ ಜಗಿದು ಕೂತವರಿಗೆ ಎಳನೀರೂ ಒಗರೇ.

ಅಂಕಕ್ಕೂ ಇದು ಮುಖ್ಯ. ಆ ಹಾಳೇಲಿ ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ಒಗರು ಸೇರೋದು ಆ 5ರ ಮನೆಗೆ. ನೀವು ಅದನ್ನ ಕಹಿ ಅಂದ್ಕೊಂಡು 20ರ ಮನೆಯಲ್ಲಿ ಕಳೆದಿರ್ತೀರ. ಅಲ್ಲೇ ಆರೇಳು ಅಂಕ ಹೋಗಿರುತ್ತೆ ನೋಡಿ.

ಇನ್ನು ಬಿಯರ್‌ದಾ ನಾಲಿಗೇದಾ ಅನ್ನೋದಕ್ಕೆ ಚರ್ಚೆ ಬೇಡ, ತ್ರಿಕೋನ ಪರೀಕ್ಷೆ ಮಾಡಿ. ಬೆಂಗಳೂರಿನ ಫ್ರಿಜ್ಜಿನ ಬಾಟಲಿ ತನ್ನಿ. ಒಬ್ಬೊಬ್ಬರಿಗೆ ಮೂರು ಲೋಟ, ಎರಡರಲ್ಲಿ ಒಂದೇ ಬಾಟಲಿಯದು, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಮಾತ್ರ ಕೇಳಿ, ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ಇಬ್ಬರಿಗೆ ಅಟ್ಟದ್ದು ಎರಡು ಲೋಟ, ಇನ್ನಿಬ್ಬರಿಗೆ ಫ್ರಿಜ್ಜಿನದ್ದು ಎರಡು ಲೋಟ. ತಲಾ 50 ಎಂಎಲ್ ಹಾಕಿದ್ರೆ ಬಾಟಲಿಗೆ 300 ಎಂಎಲ್, 330ರ ಬಾಟಲಿ ಒಂದೊಂದು ಸಾಕು. ನೊರೆ ಇಳಿದ ಮೇಲೆ ಕೊಡಿ, ಇಲ್ಲಾಂದ್ರೆ ಕಣ್ಣೇ ಉತ್ತರ ಹೇಳಿಬಿಡುತ್ತೆ.

ಅಂದ ಹಾಗೆ, ತೋತಾಪುರಿ ಕಾಯಿಯ ತೊಟ್ಟು ಮುರಿದಾಗ ಸೊನೆ ವಾಸನೆ ಬರುತ್ತಲ್ಲ, ಅದರಲ್ಲೂ ಹಾಪ್ಸ್ ಎಣ್ಣೆಯಲ್ಲೂ ಮಿರ್ಸೀನ್ ಅನ್ನೋ ಒಂದೇ ಪದಾರ್ಥ ಇದೆ. "ಪೈನ್, ರೆಸಿನ್" ಅಂತ ಬರೆಯೋ ಬದಲು "ಮಾವಿನ ಸೊನೆ" ಅಂತ ಬರೆದ್ರೆ ನಿಮ್ಮ ಹತ್ತು ಜನಕ್ಕೂ ಒಂದೇ ವಾಸನೆ ನೆನಪಾಗುತ್ತೆ.

ತಿಪಟೂರು ಕೊಬ್ಬರಿ, ಮಧ್ಯಾಹ್ನ 3:40

ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. ಪೇಲ್ ಅಂದ್ರೆ ತಿಳಿ. ತಿಳಿ ಬಿಯರ್ ಕಪ್ಪಗಿದೆ ಅಂದ್ರೆ ಏನರ್ಥ? ಮನೇಲೇ ಮಾಡಿ ನೋಡಿದ್ರೆ ಹೇಗೆ?

ಮಾಲ್ಟ್ ಮಾವ, ಸಂಜೆ 6:20

ಹೆಸರಿನ ಜಗಳ ಹಳೇದು. 1990ರ ದಶಕದ ಮೊದಲಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಗ್ರೆಗ್ ನೂನನ್ ತಮ್ಮ ಪಬ್ಬಲ್ಲಿ ಇಂಥದ್ದು ಮಾಡಿದ್ರು. ಆಮೇಲೆ ಅಲ್ಲಿನ ಪಶ್ಚಿಮ ಕರಾವಳಿಯವರು ಹಾಪ್ಸ್ ನಮ್ಮದು, ಹೆಸರೂ ನಮ್ಮದೇ ಇರ್ಲಿ ಅಂತ ಕ್ಯಾಸ್ಕೇಡಿಯನ್ ಡಾರ್ಕ್ ಏಲ್ ಅಂದ್ರು (ಕ್ಯಾಸ್ಕೇಡಿಯಾ ಅನ್ನೋದು ಅವರ ಸೀಮೆ). ಬಿಜೆಸಿಪಿ 2015ರಿಂದ ವಿಶೇಷ ಐಪಿಎಗಳ ಸಾಲಲ್ಲಿ ಕೂರಿಸಿದೆ: ಕಹಿ 50ರಿಂದ 90 ಐಬಿಯು (ಬಿಯರಿನ ಕಹಿ ಅಳೆಯೋ ಮಾನ), ಆಲ್ಕೋಹಾಲ್ ಶೇ. 5.5ರಿಂದ 9. ಅಲ್ಲಿ ಖಡಾಖಂಡಿತ ಬರೆದಿರೋ ಮಾತು ಒಂದಿದೆ, ಹುರಿದ ರುಚಿ ಇರಬಹುದು, ಸುಟ್ಟದ್ದು, ಬೂದಿ ಇರಕೂಡದು. ಅದಕ್ಕೇ ಕೆಲವರು ಹೊಟ್ಟು ತೆಗೆದು ಹುರಿದ ಮಾಲ್ಟು ಹಾಕ್ತಾರೆ. ಬಣ್ಣ ಬರುತ್ತೆ, ಹೊಟ್ಟಿನ ಒಗರು ಬರಲ್ಲ.

ಮನೇಲಿ ಮಾಡೋದು ಬೇಡಪ್ಪ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ತಯಾರಿಸೋ ಹಾಗಿಲ್ಲ. ಇಲ್ಲಿ ಆ ಚರ್ಚೆಯೂ ಬೇಡ.

ಕಂದವಾರ ಏರಿ, ಮುಂದಿನ ಶನಿವಾರ ರಾತ್ರಿ 10:45

ಮಾಡಿದ್ವಿ. ಐಸ್ ಪೆಟ್ಟಿಗೇಲಿ ಎರಡೂ ಬಾಟಲಿ ತಂದೆ. ಬಜ್ಜಿ ಇಲ್ಲ, ಎಲೆಅಡಿಕೆ ಇಲ್ಲ. ಲೋಟಕ್ಕೆ ಉಪ್ಪು ಉದುರಿಸ್ತಾ ಇದ್ದಾಗ ಅಮ್ಮ ಬಂದು ನಿಂತು ನೋಡಿ, ಏನೂ ಕೇಳದೆ ಹೋದ್ರು. ಎಂಟು ಲೋಟದಲ್ಲಿ ಆರು ಫೇಲು! ನಿಂಬೆ, ಸೋಡ ಆದ್ಮೇಲೆ ಎಲ್ಲ ಪಾಸು, ನೊರೆ ಕೊನೇ ಗುಟುಕಿನವರೆಗೂ ಗಾಜಿಗೆ ಬಲೆ ಕಟ್ಕೊಂಡಿತ್ತು.

ನಾಲ್ವರಲ್ಲಿ ಮೂವರು ಬೇರೆ ಲೋಟ ಯಾವುದು ಅಂತ ಸರಿಯಾಗಿ ಹೇಳಿದ್ರು. ತಪ್ಪಿದವನು ಹೋದ ವಾರ 38 ಕೊಟ್ಟವನು.

ತೋತಾಪುರಿ, ರಾತ್ರಿ 11:02

ಇನ್ನೂ ಕುಣೀಬೇಡಿ. ಕಣ್ಣು ಮುಚ್ಚಿ ಬೆರಳಿಟ್ರೂ ಒಬ್ಬೊಬ್ಬರು ಸರಿಯಾಗೋಕೆ ಮೂರಕ್ಕೊಂದು ಅವಕಾಶ ಇದೆ. ನಾಲ್ವರಲ್ಲಿ ಮೂವರೋ ನಾಲ್ವರೋ ಬರೀ ಅದೃಷ್ಟದಿಂದ ಗೆಲ್ಲೋದು 9ಕ್ಕೆ 1. ನಮ್ಮ ಲ್ಯಾಬಲ್ಲಿ ಇದನ್ನ ಒಪ್ಪಲ್ಲ. ಉಳಿದ ಜೋಡಿ ಬಾಟಲೀಲಿ ನಾಳೆ ಇನ್ನೊಂದು ಸಲ ಮಾಡಿ, ಲೋಟದ ಜಾಗ ಬದಲಾಯಿಸಿ.

ಕಂದವಾರ ಏರಿ, ಭಾನುವಾರ ರಾತ್ರಿ 9:30

ನಾಲ್ಕಕ್ಕೆ ನಾಲ್ಕು. ಲೆಕ್ಕ ಹಾಕಿದೆ ಅಕ್ಕ, ಎರಡು ದಿನ ಸೇರಿ ಎಂಟಕ್ಕೆ ಏಳು, ಅದೃಷ್ಟದಿಂದ ಆಗೋದು ಸುಮಾರು 386ಕ್ಕೆ 1. ಅಟ್ಟ ತಪ್ಪಿತಸ್ಥ.

ಆಮೇಲೆ ಅಂಕ ಕೊಟ್ವಿ. ಫ್ರಿಜ್ಜಿನದ್ದಕ್ಕೆ ನಾನು 39, ಅಟ್ಟದ್ದಕ್ಕೆ 28. ಅಂದ್ರೆ ಹೋದ ವಾರ 22ಕ್ಕೆ ಇಳಿಸಿದ ಆ ಆರು ಅಂಕ ಎಲೆಅಡಿಕೆಯದ್ದು, ಫ್ರೀಜರಿನದ್ದು. ಆ 38ರವನು ಮಾತ್ರ ಫ್ರಿಜ್ಜಿನದ್ದಕ್ಕೆ 33, ಅಟ್ಟದ್ದಕ್ಕೆ ಮತ್ತೆ 38! "ಹಣ್ಣಿನ ವಾಸನೆ ಯಾಕೆ ಬೇಕು, ಕಾಫಿ ಥರ ಇದ್ರೆ ಸಾಕು" ಅಂತಾನೆ. ಇವನನ್ನ ಏನ್ ಮಾಡೋದು? ಇನ್ನೊಂದು: ಫ್ರಿಜ್ಜಿನ ಬಾಟಲೀಲೂ ನಾಲಿಗೆ ಉಜ್ಜಿದಾಗ ಸ್ವಲ್ಪ ತರಿ ಇತ್ತು.

ಮಾಲ್ಟ್ ಮಾವ, ರಾತ್ರಿ 10:10

ಆ ತರಿ ಬಿಯರಿನ ಸ್ವಂತದ್ದು. ಕಪ್ಪು ಮಾಲ್ಟಿನ ಹೊಟ್ಟಿಂದ ಬಂದಿರಬಹುದು, ಕೊನೆಗೆ ತಣ್ಣಗೆ ನೆನೆಹಾಕೋ ಹಾಪ್ಸಿಂದಲೂ ಬರುತ್ತೆ. 5ರಲ್ಲಿ ಒಂದು ಕಳೆಯಿರಿ, ಅಷ್ಟಕ್ಕೇ ಬಿಡಿ.

ನಿಮ್ಮ ಸ್ನೇಹಿತನ ನಾಲಿಗೆ ಚೆನ್ನಾಗೇ ಇದೆ, ಅವನಿಗೆ ಬೇಕಿರೋದು ಸ್ಟೌಟ್, ಕೊಡಿಸಿ. ಹಾಳೇಲಿ ಕೇಳೋದು "ಇದು ಬ್ಲ್ಯಾಕ್ ಐಪಿಎ ಹಾಗಿದೆಯಾ" ಅಂತ, "ನಿನಗೆ ಇಷ್ಟವಾ" ಅಂತಲ್ಲ. ಇಷ್ಟಕ್ಕೆ ಹಾಳೆಯ ಹಿಂದೆ ಬೇರೆ ಒಂದು ಕಾಲಂ ಬರೆದುಕೊಡಿ, ಗಲಾಟೆ ಕಮ್ಮಿಯಾಗುತ್ತೆ.

ಹತ್ತು ಜನದ ಕೂಟದಲ್ಲಿ ಇದನ್ನ ಕೊನೆಗಿಡಿ. ಮೊದಲೇ ಕೊಟ್ರೆ ಆಮೇಲೆ ಬರೋ ಗೋಧಿ ಬಿಯರ್ ಬರೀ ನೀರು ಅನ್ಸುತ್ತೆ. ನಡುವೆ ಬಾಯಿ ತೊಳೆಯೋಕೆ ನೀರು, ಖಾರ ಹಾಕದ ಪುರಿ. ಬೈಕಿನ ಕೀ ಎಲ್ಲರದ್ದೂ ಬಾಗಿಲಲ್ಲೇ ಇಸ್ಕೊಳ್ಳಿ.

ಕಂದವಾರ ಏರಿ, ರಾತ್ರಿ 10:25

ಸರಿ ಮಾವ. ಫ್ರಿಜ್ಜಿನ ಕಥೆ ಏನಾಯ್ತು ಅಂದ್ರೆ, ಅಮ್ಮ ಕೆಳಗಿನ ತರಕಾರಿ ಡಬ್ಬ ಖಾಲಿ ಮಾಡಿ ಕೊಟ್ಟಿದ್ದಾರೆ. ಅಟ್ಟ ಹತ್ತಿ ಬಿದ್ದು ಕಾಲು ಮುರ್ಕೋಬೇಡ ಅಂದ್ರು, ಮೊದಲಿಂದ್ಲೂ ಗೊತ್ತಿತ್ತಂತೆ.